ಮೊದಲು ಬಾಯಲ್ಲಿ ಕೇಳು

ರೇಷ್ಮೆ ಹುಳ ನಾಲ್ಕನೆಯ ಸಲ ಪೊರೆ ಬಿಟ್ಟು ಎದ್ದ ಮೇಲೆ ಅದರ ಹೊಟ್ಟೆ ತುಂಬಿಸುವುದು ಸುಲಭವಲ್ಲ. ಬೆಳಗಿನ ಸೊಪ್ಪು ಸ್ವಲ್ಪ ತಡವಾದರೂ ತಲೆ ಎತ್ತಿ ಅತ್ತಿತ್ತ ಆಡಿಸುತ್ತವೆ, ಮದುವೆ ಊಟದಲ್ಲಿ ಎಲೆಯ ಮುಂದೆ ಕೂತವರು ಬಡಿಸುವವರಿಗಾಗಿ ಕತ್ತು ಚಾಚುವ ಹಾಗೆ. ನಮ್ಮವು ಎದ್ದು ಆಗಲೇ ವಾರವಾಗಿತ್ತು. ಅವತ್ತು ನಾನು ಹಿಪ್ಪುನೇರಳೆ ಕಡ್ಡಿಗಳನ್ನು ಕಂಕುಳಲ್ಲಿ ಅವುಚಿಕೊಂಡು ಹುಳ ಸಾಕುವ ಅಟ್ಟಣೆಯ ಮೇಲಿನ ಅಂತಸ್ತಿಗೆ ಹರಡುತ್ತಿದ್ದೆ. ಕೆಳಗಿನವು ಇನ್ನೂ ಬಾಕಿ. ಅಷ್ಟರಲ್ಲಿ ಬಾಗಿಲಿನ ಬಲೆಪರದೆಯ ಆಚೆಯಿಂದ ಮಗಳ ದನಿ ಬಂತು.

“ಅಮ್ಮಾ, ಒಂದ್ನಿಮಿಷ ಆಚೆ ಬಾ.”

“ಕೈ ತುಂಬಾ ಸೊಪ್ಪಿದೆ ಕಣೇ ಪದ್ದು. ಅಲ್ಲಿಂದ್ಲೇ ಹೇಳು.”

“ಇಲ್ಲಿ ಹೇಳೋ ಮಾತಲ್ಲಮ್ಮ. ಅಜ್ಜಿ ಬೈತಾರೆ.”

ನನಗೆ ಅರ್ಥವಾಯಿತು. ನಮ್ಮತ್ತೆ ಆವಲಮ್ಮನವರದು ಒಂದು ಕಟ್ಟುಪಾಡು. ಹುಳದ ಮನೆಯೊಳಗೆ ಯಾರೂ ‘ಹೋಗ್ತೀನಿ’ ಅನ್ನಬಾರದು. ತೋಟಕ್ಕೆ ಹೊರಟರೂ ‘ಬರ್ತೀನಿ’ ಅನ್ನಬೇಕು. ಊರು ಬಿಡುವ ಮಾತು, ಮನೆ ಬಿಡುವ ಮಾತು, ಬಸ್ಸು ಹಿಡಿಯುವ ಮಾತು ಯಾವುದೂ ಅಲ್ಲಿ ಕೂಡದು. ಕೇಳಿಸಿಕೊಂಡರೆ ಹುಳ ಗೂಡು ಕಟ್ಟದೆ ಹೊರಟುಹೋಗುತ್ತದಂತೆ. ಅವರ ಅತ್ತೆ ಅವರಿಗೆ ಹೇಳಿದ್ದು, ಅವರು ನನಗೆ ಹೇಳಿದ್ದು. ನಾನು ನಂಬುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ. ಆದರೆ ಮದುವೆಯಾಗಿ ಸುಗಟೂರಿಗೆ ಬಂದಾಗಿನಿಂದ ಒಂದು ಸಲವೂ ಆ ಮಾತನ್ನು ಅಲ್ಲಿ ಆಡಿಲ್ಲ.

ಕಡ್ಡಿಗಳನ್ನು ಮೂಲೆಯಲ್ಲಿ ಒದ್ದೆ ಗೋಣಿಯಡಿ ಇಟ್ಟು ಹೊರಗೆ ಬಂದೆ. ಪದ್ಮಶ್ರೀ ಸೀಬೆ ಮರದ ಕೆಳಗೆ ಮೊಬೈಲ್ ಹಿಡಿದು ನಿಂತಿದ್ದಳು.

“ಅಮರ ಮಾಮ ಫೋನ್ ಮಾಡಿದ್ರು. ಜಾಗ ಖಾಲಿ ಇದೆಯಂತೆ. ಮೇಡಂ ಹತ್ರ ನನ್ನ ಹೆಸರು ಹೇಳಿದ್ದಾರಂತೆ. ಇವತ್ತು ಸಾಯಂಕಾಲದೊಳಗೆ ಎಲ್ಲಾ ಮೇಲ್ ಹಾಕ್ಬೇಕು. ಮಾರ್ಕ್ಸ್ ಕಾರ್ಡಿದೆ, ರೆಸ್ಯೂಮಿದೆ. ಜೊತೆಗೆ ಕವರ್ ಲೆಟರ್ ಅಂತ ಒಂದು ಬೇಕಂತೆ.”

ಅಮರನಾಥ ನನ್ನ ತಮ್ಮ. ನರಸಾಪುರದ ಒಂದು ಕಂಪನಿಯಲ್ಲಿದ್ದಾನೆ. ಮೊಬೈಲಿನೊಳಗೆ ಕೂರಿಸುವ ಸಣ್ಣ ಸಣ್ಣ ಭಾಗಗಳನ್ನು ಮಾಡುವ ಕಂಪನಿ. ಅಲ್ಲಿ ಕೆಟ್ಟದ್ದನ್ನು ಹೆಕ್ಕಿ ತೆಗೆಯುವ ತಪಾಸಣೆ ವಿಭಾಗಕ್ಕೆ ಹುಡುಗಿಯರನ್ನು ತೆಗೆದುಕೊಳ್ಳುತ್ತಿದ್ದರು. ಪದ್ದು ಕೋಲಾರದಲ್ಲಿ ಬಿ.ಎಸ್ಸಿ. ಮುಗಿಸಿ ವರ್ಷವಾಗಿತ್ತು. ಆ ಕಂಪನಿಯ ಬಸ್ಸು ಕೋಲಾರದ ರಸ್ತೆಯಲ್ಲಿ ಎದುರಾದಾಗಲೆಲ್ಲ ಅವಳು ಕತ್ತು ತಿರುಗಿಸಿ ನೋಡುವುದನ್ನು ನಾನು ನೋಡಿದ್ದೇನೆ.

“ಕವರ್ ಲೆಟರ್ ಅಂದ್ರೆ ಏನು?”

“ನಂಗ್ಯಾಕೆ ಕೆಲಸ ಕೊಡ್ಬೇಕು ಅಂತ ನಾನೇ ಬರೆಯೋ ಪತ್ರ.”

“ಓ, ಅರ್ಜಿ. ಅಪ್ಪಂಗೆ ಹೇಳಿದ್ಯಾ?”

ಅವಳು ಒಂದು ಸೀಬೆ ಎಲೆ ಕಿತ್ತು ಮಡಿಸತೊಡಗಿದಳು. ಮಡಿಸಿ ಮಡಿಸಿ ಅದು ಉಗುರಿನಷ್ಟಾಯಿತು.

ಹೇಳಲಾಗದ್ದಕ್ಕೆ ಕಾರಣ ಅವಳ ಬೆನ್ನ ಹಿಂದೆಯೇ ಇತ್ತು. ಮಾಲೂರಿನಿಂದ ಬಂದ ಇಟ್ಟಿಗೆಯ ಲೋಡು. ಹೋದ ತಿಂಗಳು ನನ್ನ ಗಂಡ ಮುನಿಕೃಷ್ಣ ಅದನ್ನು ಇಳಿಸಿಕೊಂಡು ತಾವೇ ಸಾಲು ಹಿಡಿದು ಜೋಡಿಸಿದ್ದರು. ಎರಡನೇ ಹುಳದ ಮನೆ ಕಟ್ಟಬೇಕೆಂದು ಅವರ ಬಹಳ ದಿನದ ಆಸೆ. ಕೇಳಿದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: “ನಮ್ಮ ಪದ್ದು ಇದ್ದಾಳಲ್ಲ. ಅವಳ ಕಣ್ಣು ಒಂದಿದ್ರೆ ಎರಡು ಮನೆ ಹುಳ ನೋಡ್ಕೋಬಹುದು.” ಅವರು ಬೇಡವೆನ್ನುವ ಮನುಷ್ಯರಲ್ಲ, ಗದರುವವರೂ ಅಲ್ಲ. ಅದೇ ತೊಂದರೆ. ಗದರುವ ಅಪ್ಪನಾಗಿದ್ದರೆ ಜಗಳವಾಡಿಯಾದರೂ ಕೇಳಿಬಿಡುತ್ತಿದ್ದಳು. ಇಟ್ಟಿಗೆಯ ಧೂಳು ಒರೆಸಿಕೊಂಡು ನಗುವ ಅಪ್ಪನನ್ನು ಕೇಳುವುದು ಹೇಗೆ?

“ಮೊದ್ಲು ಪತ್ರ ಬರೀತೀನಮ್ಮ. ಆಮೇಲೆ ಕೇಳ್ತೀನಿ” ಎಂದಳು.

ಸರಿ ಎಂದು ಒಳಗೆ ಹೋಗಿ ಉಳಿದ ಸೊಪ್ಪು ಹಾಕಿದೆ. ಹಾಕುತ್ತಾ ಹಾಕುತ್ತಾ ನನಗೆ ನಮ್ಮಪ್ಪನ ನೆನಪು.

ನಮ್ಮಪ್ಪ ಕೋದಂಡರಾಮಪ್ಪ ಅರ್ಜಿ ಬರೆಯುವವರು. ಮುಳಬಾಗಿಲಿನ ತಾಲ್ಲೂಕು ಕಚೇರಿ ಎದುರಿನ ಹೊಂಗೆ ಮರದ ಕೆಳಗೆ ಈಚಲು ಚಾಪೆ ಹಾಸಿ, ಮುಂದೊಂದು ಮರದ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಿದ್ದರು. ರಜೆ ಇದ್ದಾಗ ದೇವರಾಯಸಮುದ್ರದಿಂದ ಅವರಿಗೆ ಬುತ್ತಿ ಒಯ್ಯುವುದು ನನ್ನ ಕೆಲಸ. ಮುದ್ದೆ ಆರದಂತೆ ಟವೆಲ್ಲಿನಲ್ಲಿ ಸುತ್ತಿದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನ ಕಿಟಕಿಯ ಪಕ್ಕ ಕೂತರೆ ಕೆರೆ ಏರಿ ದಾಟುವವರೆಗೂ ತಣ್ಣಗಿನ ಗಾಳಿ, ತೊಡೆ ಮಾತ್ರ ಬೆಚ್ಚಗೆ. ಈಗಲೂ ಯಾರಾದರೂ ಬಿಸಿ ಡಬ್ಬಿ ಕೈಗೆ ಕೊಟ್ಟರೆ ನನಗೆ ಆ ಏರಿಯ ಗಾಳಿ ನೆನಪಾಗುತ್ತದೆ.

ಅಪ್ಪ ಊಟ ಮಾಡಿ ಕೈ ತೊಳೆದ ಮೇಲೂ ನಾನು ಹೊರಡುತ್ತಿರಲಿಲ್ಲ. ಚಾಪೆಯ ತುದಿಯಲ್ಲಿ ಕೂತು ನೋಡುತ್ತಿದ್ದೆ. ಬರುವವರು ಹೆಚ್ಚಿನವರು ಗಡಿ ಕಡೆಯ ಹಳ್ಳಿಯವರು, ತೆಲುಗಿನಲ್ಲೇ ಹೇಳುವವರು. ಅಪ್ಪ ಕೇಳುವುದು ತೆಲುಗಿನಲ್ಲಿ, ಬರೆಯುವುದು ಕನ್ನಡದಲ್ಲಿ. ಆದರೆ ಯಾರು ಬಂದರೂ ಮೊದಲು ಪೆನ್ನು ಮುಟ್ಟುತ್ತಿರಲಿಲ್ಲ. “ಏಮಿ ಕಾವಾಲಮ್ಮಾ ನೀಕು?” ಏನು ಬೇಕಮ್ಮ ನಿನಗೆ? “ನಾನೇ ಸಾಹೇಬ್ರು ಅಂದ್ಕೋ. ನಿಂತ್ಕೊಂಡು ಬಾಯಲ್ಲಿ ಕೇಳು.” ಜನ ತಬ್ಬಿಬ್ಬಾಗುತ್ತಿದ್ದರು. ಕೆಲವರು ನಗುತ್ತಿದ್ದರು. ಅಪ್ಪ ನಗದೆ ಕಾಯುತ್ತಿದ್ದರು. ಬಾಯಲ್ಲಿ ಕೇಳಿದ ಮೇಲೆಯೇ ಪೆನ್ನಿನ ಮುಚ್ಚಳ ತೆಗೆಯುವುದು.

ಒಬ್ಬ ಮುದುಕಿಯ ನೆನಪು ನನಗೆ ಚೆನ್ನಾಗಿದೆ. ವಿಧವಾ ವೇತನಕ್ಕೆ ಬಂದವಳು ಎಮ್ಮೆಯ ಕಥೆ ತೆಗೆದಳು. ಎಮ್ಮೆ ಸತ್ತಿದ್ದು, ಅದರ ಕರು ಯಾರೋ ಹೊಡೆದುಕೊಂಡು ಹೋಗಿದ್ದು, ಗಂಡ ಆ ಎಮ್ಮೆಗೆ ಇಟ್ಟಿದ್ದ ಹೆಸರು. ಅಪ್ಪ ಪೂರ್ತಿ ಕೇಳಿದರು. ಕೊನೆಗೆ ಮೂರು ಸಾಲು ಬರೆದು ಓದಿ ಹೇಳಿದರು. ಅವಳಿಗೆ ಸಿಟ್ಟು ಬಂತು. “ಅಷ್ಟೊತ್ತು ಹೇಳಿದ್ದಕ್ಕೆ ಇಷ್ಟೇನಾ ಸಾಮಿ?” ಎಂದಳು. ಅಪ್ಪ, “ಉಳಿದಿದ್ದು ನೀನು ಎದುರಿಗೆ ನಿಂತ್ರೆ ಕಾಣುತ್ತೆ ತಾಯಿ. ಹೋಗು, ನಿಂತ್ಕೋ” ಎಂದರು.

ನಾನು ಪಿ.ಯು.ಸಿ. ಓದುವ ಹೊತ್ತಿಗೆ ಅಪ್ಪನ ಕೈ ನಡುಗತೊಡಗಿತ್ತು. ಎಷ್ಟೋ ಅರ್ಜಿಗಳನ್ನು ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ನನ್ನ ಅಕ್ಷರ ನೋಡಿ ಕಚೇರಿಯ ಗುಮಾಸ್ತರು “ಯಾರಪ್ಪಾ ಇದು ಮುತ್ತು ಪೋಣಿಸಿರೋದು” ಎಂದಿದ್ದರಂತೆ. ಅದನ್ನು ಅಪ್ಪ ಮನೆಗೆ ಬಂದು ಅಮ್ಮನಿಗೆ ಹೇಳಿದ್ದು, ನಾನು ಅಡುಗೆಮನೆಯಲ್ಲಿ ಕೇಳಿಸಿಕೊಂಡಿದ್ದು. ಅದಕ್ಕೇ ಇರಬೇಕು, ಅರ್ಜಿ ಎಂದರೆ ನನಗೆ ಇವತ್ತಿಗೂ ಒಂದು ಹೆಮ್ಮೆ.

ತಿಂಡಿಯ ಪಾತ್ರೆ ತೊಳೆಯುತ್ತಿದ್ದಾಗ ಪದ್ದು ಮೊದಲನೆಯ ಪತ್ರ ಓದಿದಳು. ಮೊಬೈಲಿನಲ್ಲಿ ಎಲ್ಲಿಂದಲೋ ಎತ್ತಿಕೊಂಡಿದ್ದು, ಇಂಗ್ಲಿಷಿನಲ್ಲಿ. ಅರ್ಥ ಹೇಳು ಎಂದೆ.

“ನಾನು ಅತ್ಯಂತ ಉತ್ಸಾಹಿ, ಚುರುಕು ವ್ಯಕ್ತಿತ್ವದವಳು, ಸವಾಲುಗಳನ್ನ ಪ್ರೀತಿಸ್ತೀನಿ...”

ಹಜಾರದಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದ ಅತ್ತೆ ತಲೆ ಎತ್ತಿದರು. “ಯಾರೇ ಅದು ತಲ್ಲೀ? ನಮ್ಮನೆಗೆ ಯಾವಾಗ ಬಂದ್ಲು?”

“ನಾನೇ ಅಜ್ಜಿ!”

“ನೀನಾ? ಬೆಳಿಗ್ಗೆ ಮೂರು ಸಲ ಕೂಗಿದ್ರೂ ಎದ್ದಿಲ್ಲ. ಅದ್ಯಾವ ಚುರುಕೋ!”

ಪದ್ದು ತಾನೂ ನಕ್ಕು ಅದನ್ನು ಅಳಿಸಿದಳು. ಆಗ ನಾನು ಕೈ ಒರೆಸಿಕೊಂಡು ಬಂದು ಕೂತೆ. “ನಾನು ಹೇಳ್ತೀನಿ, ಬರ್ಕೋ” ಎಂದೆ. ಇಷ್ಟು ವರ್ಷವಾದರೂ ನಾಲಿಗೆಯ ತುದಿಯಲ್ಲಿತ್ತು. ಇಂದ, ಇವರಿಗೆ, ಮಾನ್ಯರೇ, ವಿಷಯ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾನು ಕಡುಬಡ ರೈತ ಕುಟುಂಬಕ್ಕೆ ಸೇರಿದವಳಾಗಿದ್ದು, ಜೀವನೋಪಾಯಕ್ಕೆ ಬೇರೆ ದಾರಿಯಿಲ್ಲದೆ ಕಷ್ಟದಲ್ಲಿರುವ ಕಾರಣ, ತಾವು ದಯಮಾಡಿ...’ ಹೇಳುತ್ತಾ ಹೇಳುತ್ತಾ ನನ್ನ ದನಿ ಅಪ್ಪನ ದನಿಯಾಗಿತ್ತು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಉಸಿರು ಎಳೆದುಕೊಳ್ಳಬೇಕು, ಎಲ್ಲವೂ ಅವರದೇ. ಅತ್ತೆ ಬೀಜ ತೆಗೆಯುವುದನ್ನು ಬಿಟ್ಟು ಕೇಳಿದರು. “ಚೆನ್ನಾಗಿದೆ. ನಂಗೇ ಕೆಲಸ ಕೊಡೋಣ ಅನ್ನಿಸ್ತಿದೆ” ಎಂದರು.

ಪದ್ದು ಅದನ್ನು ಇಂಗ್ಲಿಷಿಗೆ ತಿರುಗಿಸಿ ಅಮರನಿಗೆ ಕಳಿಸಿದಳು. ಹಸುವಿಗೆ ನೀರಿಟ್ಟು ಬರುವಷ್ಟರಲ್ಲಿ ಅವನ ಫೋನು ಬಂತು.

“ಅಕ್ಕಾ, ಏನಕ್ಕಾ ಇದು? ಕೆಲಸ ಕೇಳೋದಾ, ಕೊಳವೆಬಾವಿ ಕೇಳೋದಾ?”

“ಯಾಕೋ, ಏನಾಯ್ತು? ಅಪ್ಪ ಹಿಂಗೇ ಬರೀತಿದ್ದಿದ್ದು.”

“ಅಪ್ಪ ಬರೀತಿದ್ದಿದ್ದು ಸರ್ಕಾರಕ್ಕೆ ಕಣಕ್ಕಾ. ಕಡುಬಡವರು, ಬೇರೆ ದಾರಿ ಇಲ್ಲ! ಭಾವ ಓದಿದ್ರೆ ಏನ್ಹೇಳ್ತಾರೆ? ಎರಡು ಹಸು ಇದೆ, ಬೈಕಿದೆ, ಮನೆ ಹಿಂದೆ ಇಟ್ಟಿಗೆ ಬಂದು ಬಿದ್ದಿದೆ. ಮೇಡಂ ಪಾಪ ಅಂತಾರೆ. ಪಾಪ ಅಂತ ಕೆಲಸ ಕೊಡಲ್ಲಕ್ಕ ಇಲ್ಲಿ.” ನಗುತ್ತಿದ್ದವನು ಆಮೇಲೆ ಮೆತ್ತಗೆ, “ಆದ್ರೆ ಓದುವಾಗ ಅಪ್ಪನ ದನೀನೇ ಕೇಳಿಸ್ತು ಬಿಡು” ಎಂದ.

ಫೋನಿಟ್ಟ ಮೇಲೆ ನನಗೆ ಸ್ವಲ್ಪ ಮುಜುಗರವಾಯಿತು. ಅವನು ಹೇಳಿದ್ದು ಸರಿಯಾಗಿತ್ತು. ಅಪ್ಪನ ಮುಂದೆ ನಿಲ್ಲುತ್ತಿದ್ದವರು ತಮಗೆ ಇಲ್ಲದ್ದನ್ನು ಹೇಳಬೇಕಿತ್ತು. ಇಲ್ಲ ಎಂದಷ್ಟೂ ಅರ್ಜಿಗೆ ಬಲ. ಇಲ್ಲಿ ಹಾಗಲ್ಲ. ಇವಳ ಹತ್ತಿರ ಏನಿದೆ ಎಂದು ಕೇಳುವವರಿದ್ದಾರೆ. ಆ ಪತ್ರ ನನಗೆ ಬರುವುದಿಲ್ಲ. ನನ್ನ ಬಳಿ ಏನಿದೆ ಎಂದು ಕೇಳಿದವರೇ ಇಲ್ಲವಲ್ಲ, ಆ ಗುಮಾಸ್ತರೊಬ್ಬರನ್ನು ಬಿಟ್ಟರೆ.

ಅವರೆಕಾಳು ಒಲೆಯ ಮೇಲಿಟ್ಟೆ. ಪದ್ದು ಮುಖ ಸಣ್ಣದು ಮಾಡಿಕೊಂಡು ಕೂತಿದ್ದಳು. ನಡುನಡುವೆ ಎದ್ದು ಹುಳದ ಮನೆಯ ಕಡೆ ಹೋಗುವಳು, ಬಾಗಿಲಲ್ಲಿ ನಿಂತು ಅಪ್ಪನನ್ನು ಕರೆಯುವಳು. ನನಗೆ ಅಡುಗೆಮನೆಯ ಕಿಟಕಿಯಿಂದ ಎಲ್ಲ ಕೇಳಿಸುತ್ತಿತ್ತು.

“ಅಪ್ಪಾ...”

“ಏನಮ್ಮಾ?”

“ಕಾಫಿ ಬೇಕಾ?”

ಸ್ವಲ್ಪ ಹೊತ್ತಿನ ಮೇಲೆ, “ಅಪ್ಪಾ, ನೀರು ಬೇಕಾ?” ಇನ್ನೊಂದು ಸಲ, “ಅಪ್ಪಾ, ಸೊಪ್ಪು ಸಾಕಾಗುತ್ತಾ?”

ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಗಂಡ ಕೇಳಿದರು. ಪದ್ದು ಹಿತ್ತಲಲ್ಲಿದ್ದಳು. “ಏನು ಭಾರತಿ, ಬೆಳಗಿಂದ ನಿನ್ ಮಗಳು ಅಳಿಯನ್ನ ವಿಚಾರಿಸ್ಕೊಂಡಂಗೆ ವಿಚಾರಿಸ್ತಿದ್ದಾಳೆ? ಏನೋ ಬರೀತಾನೂ ಇದ್ದಾಳೆ.”

ನನ್ನ ಬಾಯಿಗೆ ಬಂದಿತ್ತು. ಹೇಳಿಬಿಟ್ಟಿದ್ದರೆ ಅವಳಿಗೆ ಒಂದು ಭಾರ ಇಳಿಯುತ್ತಿತ್ತು. ನಾನಾದರೆ ಯಾವ ಮಾತನ್ನು ಯಾವ ಹದದಲ್ಲಿ ಹೇಳಬೇಕೆಂದು ಗೊತ್ತಿದೆ, ಇಪ್ಪತ್ತು ವರ್ಷ ಮೇಲಾಯಿತು ಈ ಮನುಷ್ಯನ ಜೊತೆ. ಆದರೆ ಹೊಂಗೆ ಮರದ ಕೆಳಗೆ ಎಷ್ಟೋ ಗಂಡಂದಿರು ಹೆಂಡತಿಯ ಪರವಾಗಿ, ಅಣ್ಣಂದಿರು ತಂಗಿಯ ಪರವಾಗಿ ಬಾಯಿ ತೆಗೆದಾಗ ಅಪ್ಪ ಕೈ ಎತ್ತಿ ನಿಲ್ಲಿಸುತ್ತಿದ್ದರು. “ಬೇಕಾಗಿರೋದು ಅವಳಿಗೆ. ಅವಳೇ ಕೇಳ್ಲಿ.” ಎಷ್ಟು ಹೊತ್ತಾದರೂ ಕಾಯುತ್ತಿದ್ದರು. ಹಿಂದೆ ನಿಂತವರು ಗೊಣಗಿದರೂ ಕಾಯುತ್ತಿದ್ದರು.

“ಅವಳೇ ಹೇಳ್ತಾಳೆ ರೀ” ಎಂದು ಇನ್ನೊಂದು ಸೌಟು ಸಾರು ಹಾಕಿದೆ.

ಅವರು ನನ್ನ ಮುಖವನ್ನೊಮ್ಮೆ ನೋಡಿ ಮುದ್ದೆ ಮುರಿದರು.

ಊಟವಾದ ಮೇಲೆ ಪದ್ದುವನ್ನು ಪಡಸಾಲೆಗೆ ಕರೆದೆ. ಅಕ್ಕಿ ಆರಿಸುವ ಮೊರ ನನ್ನ ತೊಡೆಯ ಮೇಲಿತ್ತು. “ಮೊಬೈಲ್ ಕೆಳಗಿಡು. ನಿಂತ್ಕೋ. ನಾನೇ ಆ ಕಂಪನಿ ಮೇಡಂ ಅಂದ್ಕೋ.”

“ಅಮ್ಮಾ, ತಮಾಷೆ ಮಾಡ್ಬೇಡ.”

“ತಮಾಷೆ ಅಲ್ಲ ಕಣೇ. ನಿಮ್ಮ ತಾತ ಹಿಂಗೇ ಮಾಡ್ತಿದ್ದಿದ್ದು. ಹೂಂ, ಹೇಳಮ್ಮ. ಏನು ಬೇಕು ನಿನಗೆ?”

ಅವಳು ನಕ್ಕಳು. ಆಮೇಲೆ ದುಪಟ್ಟಾ ಸರಿಮಾಡಿಕೊಂಡು ನಿಂತಳು. “ನನಗೆ ನಿಮ್ಮ ತಪಾಸಣೆ ವಿಭಾಗದಲ್ಲಿ ಕೆಲಸ ಬೇಕು ಮೇಡಂ.”

“ನಿನ್ನಂಥೋರು ನೂರು ಜನ ಬಂದಿದ್ದಾರೆ. ನಿನ್ನ ಹತ್ರ ಏನಿದೆ?”

ನಾನು ಕಲ್ಲು ಆರಿಸುತ್ತಾ ಕಾದೆ. ಅವಳ ಕಣ್ಣು ನನ್ನ ಮೊರದ ಮೇಲೆ ಬಿತ್ತು. ಬಗ್ಗಿ ಒಂದು ಕಲ್ಲು ಎತ್ತಿ ಎಸೆದಳು. ನಾನು ಬಿಟ್ಟಿದ್ದ ಕಲ್ಲು.

“ನಮ್ಮನೇಲಿ ಹುಳ ಸಾಕ್ತೀವಿ ಮೇಡಂ” ಎಂದಳು ನಿಧಾನವಾಗಿ. “ಹಾಲುತೊಂಡೆ ಅಂತ ಒಂದು ರೋಗ ಬರುತ್ತೆ. ಬಂದಿರೋ ಹುಳ ದೂರದಿಂದ ಎಲ್ಲದರ ಥರಾನೇ ಕಾಣುತ್ತೆ. ಆದ್ರೆ ಮೈ ಸ್ವಲ್ಪ ಉಬ್ಬಿರುತ್ತೆ, ಸುಮ್ನೆ ಅಂಚಿಗೆ ಓಡಾಡ್ತಿರುತ್ತೆ. ಅದು ಒಡೆದ್ರೆ ಸುತ್ತ ಇರೋದಕ್ಕೆಲ್ಲಾ ತಗಲುತ್ತೆ. ಅದಕ್ಕೆ ಮೊದ್ಲೇ ಹುಡುಕಿ ತೆಗೀಬೇಕು. ಸಾವಿರಾರು ಹುಳದಲ್ಲಿ ಅದೊಂದನ್ನ. ನಾನು ಚಿಕ್ಕವಳಿಂದ ಅದನ್ನ ಮಾಡ್ತಿದ್ದೀನಿ. ಬೇಜಾರಾದ್ರೂ ಕಣ್ಣು ತೆಗೆಯಲ್ಲ.”

“ಇದನ್ನೇ ಬರಿ” ಎಂದೆ.

ಅವಳು ಕೂತು ಮೊದಲು ಕನ್ನಡದಲ್ಲಿ ಬರೆದಳು, ಆಮೇಲೆ ಇಂಗ್ಲಿಷಿನಲ್ಲಿ. ಎರಡೂ ಚಿಕ್ಕವು. ಕೊನೆಯಲ್ಲಿ ತಾನೇ ಸೇರಿಸಿದಳು: ‘ನಿಮ್ಮ ಕಂಪನಿ ಮಾಡುವ ಭಾಗಗಳ ಬಗ್ಗೆ ನನಗೆ ಈಗ ಗೊತ್ತಿರುವುದು ಕಡಿಮೆ. ಅದನ್ನು ಅಲ್ಲಿ ಕಲಿಯುತ್ತೇನೆ. ನೋಡುವುದನ್ನು ಮಾತ್ರ ಕಲಿತುಕೊಂಡೇ ಬರುತ್ತೇನೆ.’ ಅಮರನಿಗೆ ಕಳಿಸಿದಳು. ಈ ಸಲ ಅವನು ನಗಲಿಲ್ಲ. ‘ಇದೇ. ಒಂದಕ್ಷರ ಬದಲಾಯಿಸ್ಬೇಡ. ಬೇಗ ಮೇಲ್ ಮಾಡು’ ಎಂದು ಬರೆದ.

ಮೇಡಂ ವಿಳಾಸ ಹಾಕಿದ್ದಾಗಿತ್ತು. ಒತ್ತುವುದೊಂದೇ ಬಾಕಿ. ಪದ್ದು ಬೆರಳು ಹಾಗೇ ಹಿಡಿದು ಕೂತಳು.

“ಅಮ್ಮಾ, ಇದನ್ನೆಲ್ಲಾ ನಂಗೆ ಕಲ್ಸಿದ್ದು ಅಪ್ಪ.”

“ಹೂಂ.”

“ಚಿಕ್ಕೋಳಿದ್ದಾಗ ಸ್ಟೂಲಿನ ಮೇಲೆ ನಿಲ್ಲಿಸ್ತಿದ್ರು. ಕೆಟ್ಟ ಹುಳ ತೋರಿಸಿದ್ರೆ ಒಂದು ಬೆಲ್ಲದ ಚೂರು ಕೊಡ್ತಿದ್ರು. ಅಪ್ಪನ ಕಣ್ಣಿಗೆ ಈಗ ಅಷ್ಟು ಸಣ್ಣದು ಕಾಣಲ್ಲ ಅಂತ ನಿಂಗೊತ್ತಾ?”

ನನಗೆ ಗೊತ್ತಿತ್ತು. ಸೂಜಿಗೆ ದಾರ ಪೋಣಿಸಲು ನನಗೆ ಕೊಡತೊಡಗಿ ಎರಡು ವರ್ಷವಾಗಿತ್ತು. ಅವರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರಿಗೂ ಎಲ್ಲ ಗೊತ್ತಿರುತ್ತದೆ, ಬಾಯಿ ಬಿಡುವವರು ಮಾತ್ರ ಇರುವುದಿಲ್ಲ.

“ಹಂಗಂತ ಬಿಟ್ಬಿಡ್ತೀಯಾ?” ಎಂದೆ.

“ಇಲ್ಲ” ಎಂದಳು. ತಕ್ಷಣ ಬಂದ ಉತ್ತರ. “ನಂಗೆ ಬೇಕಮ್ಮ. ತುಂಬಾ ಬೇಕು. ಆದ್ರೆ ಕೇಳ್ದೆ ಕಳ್ಸೋಕಾಗ್ತಿಲ್ಲ.”

ಹುಳದ ಮನೆಯಿಂದ ಅವರ ಕೂಗು ಬಂತು. “ಭಾರತೀ, ಬೇಗ ಬಾ! ಹಣ್ಣಾಗೋಕೆ ಶುರುವಾಗಿದೆ!”

ಹುಳ ಹಣ್ಣಾದರೆ ಕಾಯುವುದಿಲ್ಲ. ಮೇವು ಬಿಟ್ಟು, ಮೈ ಹೊಂಬಣ್ಣಕ್ಕೆ ತಿರುಗಿ, ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆ ಹೊತ್ತಿಗೆ ಆರಿಸಿ, ಗೂಡು ಕಟ್ಟಲೆಂದೇ ಬಿದಿರಿನಲ್ಲಿ ಹೆಣೆದ ಚಂದ್ರಿಕೆಗೆ ಬಿಡದಿದ್ದರೆ ನೂಲೆಲ್ಲ ಸೊಪ್ಪಿನ ಮೇಲೇ ಹೋಗುತ್ತದೆ. ನಾವಿಬ್ಬರೂ ಎದ್ದೆವು. ಪದ್ದು ಮೊಬೈಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಾಗಿಲ ಮುಂದಿನ ಬ್ಲೀಚಿಂಗ್ ನೀರಿನ ತಟ್ಟೆಯಲ್ಲಿ ಕಾಲು ಅದ್ದಿ ಒಳಗೆ ಹೋದೆವು.

ಅತ್ತೆ ಆಗಲೇ ಬಂದು ಚಂದ್ರಿಕೆ ಗೋಡೆಗೆ ಒರಗಿಸಿ ಕೂತಿದ್ದರು. ನನ್ನ ಗಂಡ ಕೈಯಲ್ಲೊಂದು ಹುಳ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು.

“ಪದ್ದು, ಇದು ಆಯ್ತಾ ನೋಡು.”

ಅವಳು ಹತ್ತಿರ ಹೋಗಿ ನೋಡಿದಳು. “ಇಲ್ಲಪ್ಪ. ರಾತ್ರಿ ಆಗುತ್ತೆ. ಇದು ಬಿಡಿ, ಅದರ ಪಕ್ಕದ್ದು.” ಪಕ್ಕದ್ದನ್ನು ಎತ್ತಿ ಅವರ ಅಂಗೈಯಲ್ಲಿಟ್ಟಳು. ಅದರ ಮೈಯೊಳಗೆ ಬೆಳಕು ಜೇನಿನಂತೆ ತುಂಬಿತ್ತು.

ಇಬ್ಬರೂ ಒಂದು ಸಾಲು ಆರಿಸಿದರು. ನಾನು ಹಿಂದಿನಿಂದ ಬುಟ್ಟಿ ಹಿಡಿದು ನಡೆದೆ. ಹೊರಗೆ ಬಿಸಿಲು ಇಟ್ಟಿಗೆಯ ರಾಶಿಯ ಆಚೆಗೆ ಇಳಿಯುತ್ತಿತ್ತು. ಪದ್ದು ನಿಂತಳು.

“ಅಪ್ಪಾ...”

“ಏನಮ್ಮಾ? ಕಾಫಿ ಆಯ್ತು, ನೀರೂ ಆಯ್ತು. ಇನ್ನೇನು ಮಜ್ಜಿಗೇನಾ?”

“ಆಚೆ ಬರ್ತೀರಾ? ಒಂದು ಮಾತು.”

“ಈಗೆಲ್ಲಿಂದ ಬರ್ಲಿ? ಹುಳ ಬಿಡಲ್ಲ. ಇಲ್ಲೇ ಹೇಳು.”

ಅವಳು ಅಜ್ಜಿಯ ಕಡೆ ನೋಡಿದಳು. ಅತ್ತೆ ಚಂದ್ರಿಕೆಯ ಮೇಲೆ ಕೈಯಿಟ್ಟುಕೊಂಡು ಮೊಮ್ಮಗಳ ಮುಖವನ್ನೇ ನೋಡುತ್ತಿದ್ದರು. ಬೆಳಗಿನಿಂದ ಹುಣಸೆಬೀಜದ ಮುಂದೆ ಕೂತು ಎಲ್ಲ ಕೇಳಿಸಿಕೊಂಡಿದ್ದ ಅವರಿಗೆ ಮೊಮ್ಮಗಳು ಈಗ ಆಡಲಿರುವ ಮಾತೂ ಗೊತ್ತಿದೆ ಎಂದು ನನಗೆ ಆಗ ಹೊಳೆಯಿತು. ಅವರು ಬೇಡ ಎನ್ನಲಿಲ್ಲ. ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಕೂತರು.

ಪದ್ದು ನನ್ನನ್ನು ನೋಡಿದಳು. ನಾನು ಬುಟ್ಟಿ ಹಿಡಿದು ಸುಮ್ಮನೆ ನಿಂತಿದ್ದೆ, ಚಾಪೆಯ ತುದಿಯಲ್ಲಿ ಕೂತ ಹಾಗೆ, ನಮ್ಮಪ್ಪ ಕಾಯುತ್ತಿದ್ದ ಹಾಗೆ. ಅವಳು ಕೈಯಲ್ಲಿದ್ದ ಹುಳವನ್ನು ಮೆಲ್ಲಗೆ ಬುಟ್ಟಿಗೆ ಬಿಟ್ಟು, ದುಪಟ್ಟಾ ಸರಿಮಾಡಿಕೊಂಡು, ತನ್ನ ಅಪ್ಪನ ಎದುರಿಗೆ ನೆಟ್ಟಗೆ ನಿಂತಳು.

“ಅಪ್ಪಾ, ನಾನು ನರಸಾಪುರಕ್ಕೆ ಕೆಲಸಕ್ಕೆ ಹೋಗ್ಲಾ?”